ನಾಗನ ಮೊದಲನೇ ಮಿಡ್‌ಟರ್ಮು

ನಮ್ಮ ನಾಗ ಅಮೆರಿಕದ ಸಿಟಿಜನ್ ಆದ್ಮೇಲೆ ಬರ್ತಿರೋ ಮೊದಲನೇ ದೊಡ್ಡ ಎಲೆಕ್ಷನ್ ಇದು, ನವೆಂಬರ್ 3ರ ಮಿಡ್‌ಟರ್ಮು, ಅಂದ್ರೆ ಪ್ರೆಸಿಡೆಂಟ್ ಅವಧಿ ಮಧ್ಯದಲ್ಲಿ ಬರೋ ಪಾರ್ಲಿಮೆಂಟ್ ಎಲೆಕ್ಷನ್ನು, ಅವನ ಉತ್ಸಾಹ ನೋಡಿದ್ರೆ ಇವನ ಒಂದು ವೋಟಿಗೋಸ್ಕರ ವಾಷಿಂಗ್ಟನ್ನಲ್ಲಿ ಎಲ್ಲಾ ಕೆಲಸ ನಿಲ್ಲಿಸಿ ಕಾಯ್ತಾ ಕೂತಿದಾರೇನೋ ಅನ್ಸುತ್ತೆ. ನ್ಯೂಜೆರ್ಸಿ ಎಡಿಸನ್ನಲ್ಲಿ ಸುಮಕ್ಕನ ಮನೆ ಬೇಸ್‌ಮೆಂಟಲ್ಲಿ ಚುರುಮುರಿ ತಟ್ಟೆ ಕೈಗೆ ಬಂದಿದ್ದೇ ತಡ, ಶುರು ಹಚ್ಕೊಂಡ.

"ನೋಡ್ರೋ, ಈ ಸಲ ಹೌಸ್, ನಮ್ ಲೋಕಸಭೆ ಥರದ್ದು, ಬೇರೆ ಪಾರ್ಟಿ ಕೈಗೆ ಹೋಯ್ತು ಅಂದ್ರೆ ಜನವರೀಲಿ ಗ್ರೀನ್ ಕಾರ್ಡ್ ಕ್ಯೂ ಸರಸರ ಅಂತ ಮುಂದಕ್ಕೋಗುತ್ತೆ. ನನ್ ಬಾಮೈದ 2017ರಿಂದ ಕ್ಯೂನಲ್ಲಿದಾನೆ, ಪಾಪ."

ಪ್ರಸನ್ನ ಚುರುಮುರೀಲಿ ಕಡ್ಲೆಬೀಜ ಮಾತ್ರ ಆರಿಸಿ ತಿಂತಿದ್ದ. "ಯಾವ ಜನವರಿ? ಇಸವೀನೂ ಹೇಳ್ಬಿಡು."

ಪ್ರಸನ್ನ ಇಂಥ ಆಸೆ ಇಟ್ಕೊಂಡು ಸುಟ್ಕೊಂಡೋನು. 2019ರ ಜುಲೈನಲ್ಲಿ, ಗ್ರೀನ್ ಕಾರ್ಡಲ್ಲಿ ಒಂದು ದೇಶಕ್ಕೆ ಶೇಕಡ 7 ಅನ್ನೋ ಮಿತಿ ತೆಗೀಬೇಕು ಅಂತ ಬಿಲ್ಲು ಬಂದು ಹೌಸಲ್ಲಿ 365 ಪರ, 65 ವಿರೋಧ ಅಂತ ಪಾಸಾಯ್ತು, ಇವ್ನು ಆಫೀಸಲ್ಲೆಲ್ಲ ಮೈಸೂರ್ ಪಾಕ್ ಹಂಚ್ದ. ಮೇಲ್ಮನೆ ಸೆನೆಟ್ಟು ವರ್ಷದ ಮೇಲೆ ಎಳೆದಾಡಿ 2020ರ ಡಿಸೆಂಬರಲ್ಲಿ ಪಾಸ್ ಮಾಡ್ತು, ಒಬ್ರೂ ತಕರಾರು ಎತ್ಲಿಲ್ಲ, ಮತ್ತೆ ಮೈಸೂರ್ ಪಾಕು. ಆಮೇಲೆ ನೋಡಿದ್ರೆ ಇವರು ಪಾಸ್ ಮಾಡಿದ್ದೇ ಬೇರೆ ಅವರು ಪಾಸ್ ಮಾಡಿದ್ದೇ ಬೇರೆ, ಎರಡನ್ನೂ ಸರಿ ಹೊಂದಿಸೋಷ್ಟರಲ್ಲಿ ಜನವರಿ 3 ಬಂತು, ಆ ಕಾಂಗ್ರೆಸ್ಸಿನ, ಅಂದ್ರೆ ಇಲ್ಲಿನ ಪಾರ್ಲಿಮೆಂಟಿನ, ಅವಧಿನೇ ಮುಗೀತು, ಬಿಲ್ಲು ಗೋವಿಂದ. ಎರಡೂ ಮನೆಯೋರು ಒಪ್ಪಿದ ಮದುವೆ, ಛತ್ರ ಖಾಲಿ ಮಾಡೋ ಟೈಮಾಯ್ತು ಅಂತ ನಿಂತೋದಂಗೆ.

"ಅವಾಗ ಅಲೆ ಇರ್ಲಿಲ್ಲ ಕಣೋ, ಈ ಸಲ ಅಲೆ ಇದೆ" ಅಂದ ನಾಗ.

ನಾನು ಬಾಯಿ ಹಾಕ್ದೆ. ಪ್ರೆಸಿಡೆಂಟ್ ಪಾರ್ಟಿ ಮಿಡ್‌ಟರ್ಮಲ್ಲಿ ಹೌಸ್ ಸೀಟು ಕಳ್ಕೊಳ್ಳೋದು ಇಲ್ಲಿ ವಾಡಿಕೆ, 1934, 1998, 2002 ಬಿಟ್ರೆ ಸುಮಾರು ನೂರು ವರ್ಷದಿಂದ ತಪ್ಪಿಲ್ಲ. ಎಷ್ಟು ಕಳ್ಕೋತಾರೆ ಅನ್ನೋದೇ ತಮಾಷೆ. 2010ರಲ್ಲಿ ಒಬಾಮಾ ಪಾರ್ಟಿ 63 ಸೀಟು ಕಳ್ಕೊಂಡಿತು. 2022ರಲ್ಲೂ ಅಲೆ ಅಲೆ ಅಂತ ಟಿವಿಯೋರು ವಾರಗಟ್ಲೆ ಬಾಯಿ ಬಡ್ಕೊಂಡ್ರು, ಕೊನೆಗೆ ರಿಪಬ್ಲಿಕನ್ನರಿಗೆ ಹೆಚ್ಚಿಗೆ ಸಿಕ್ಕಿದ್ದು ಬರೀ 9.

"ಅದೇ 2022ರಲ್ಲಿ ನಮ್ಮ ಚಿಕ್ಕೋಡೀಲಿ ಹುಟ್ಟಿದ ಶ್ರೀ ಥಾನೇದಾರ್ ಹೌಸಿಗೆ ಗೆದ್ರಲ್ಲ!" ಅಂದ ನಾಗ.

"ಗೆದ್ರು, ಮಿಷಿಗನ್ನಲ್ಲಿ. ನೀನು ಡೆಟ್ರಾಯ್ಟಿಗೆ ಮನೆ ಬದಲಾಯಿಸ್ತೀಯಾ?" ಅಂದ್ಳು ಸುಮಕ್ಕ. "ಇಲ್ಲಿ ನಮ್ಮ ಹೌಸ್ ಮೆಂಬರ್ ಫ್ರ್ಯಾಂಕ್ ಪ್ಯಾಲೋನ್ 1988ರ ಎಲೆಕ್ಷನ್ನಿಂದ ಗೆಲ್ತಾನೇ ಇದಾರೆ, ನೀನು ಮೂರನೇ ಕ್ಲಾಸಲ್ಲಿ ಮಗ್ಗಿ ಒಪ್ಪಿಸ್ತಿದ್ದಾಗಿಂದ. ನಿನ್ನ ಅಲೆ ನಮ್ಮ ಬೀದಿವರೆಗೂ ಬರಲ್ಲಪ್ಪ."

ಸುಮಕ್ಕ ತರಕಾರಿ ಚೌಕಾಸಿ ಮಾಡೋಳು, ಇಲ್ಲೂ ಅದನ್ನೇ ಶುರು ಮಾಡಿದ್ಳು. ನಾಗ ಒಂದೊಂದು ಆಸೆ ಹೇಳೋದು, ಇವಳು ಇಳಿಸೋದು. ಗ್ರೀನ್ ಕಾರ್ಡು? ಹೌಸಲ್ಲಿ 435 ಸೀಟಿಗೂ ಎಲೆಕ್ಷನ್ ಸರಿ, ಸೆನೆಟ್ಟಲ್ಲಿ ಮೂರನೇ ಒಂದು ಭಾಗ ಮಾತ್ರ, ಅಲ್ಲಿ ತಕರಾರಿರೋ ಬಿಲ್ಲಿಗೆ 60 ಜನ ಬೇಕು, ಅದೂ ದಾಟಿದ್ರೆ ಪ್ರೆಸಿಡೆಂಟ್ ಸಹಿ, ಅವರ ಕುರ್ಚಿ ಈ ನವೆಂಬರಲ್ಲಿ ಅಲುಗಾಡಲ್ಲ. ಗ್ಯಾಸ್ ಬೆಲೆ, ಅಂದ್ರೆ ಪೆಟ್ರೋಲು? ಅದು ಯಾರ ಮಾತೂ ಕೇಳಲ್ಲ, ಮುಂದೆ.

"ಹೋಗ್ಲಿ, ಪ್ರಾಪರ್ಟಿ ಟ್ಯಾಕ್ಸಾದ್ರೂ?"

"ಹಾಂ, ಈಗ ದಾರಿಗೆ ಬಂದೆ. ಅದರಲ್ಲಿ ದೊಡ್ಡ ಪಾಲು ಸ್ಕೂಲಿಗೆ ಹೋಗೋದು. ಬ್ಯಾಲಟ್ಟಲ್ಲಿ ಎಲ್ಲೋ ಒಂದು ಮೂಲೇಲಿ ಸ್ಕೂಲ್ ಬೋರ್ಡ್ ಇರುತ್ತೆ, ಯಾರು ನಿಂತಿದಾರೆ ಗೊತ್ತಾ?"

ನಾಗ ದೂರದ ಜಾರ್ಜಿಯಾ ರಾಜ್ಯದ ಸೆನೆಟ್ ಸೀಟಿನ ಚುನಾವಣಾ ಸಮೀಕ್ಷೆ ಅಂಕಿ ಪಟಪಟ ಅಂತ ಹೇಳೋನು, ಇದಕ್ಕೆ ಮಾತ್ರ ಚುರುಮುರೀಲಿ ಈರುಳ್ಳಿ ಹುಡುಕ್ತಾ ಕೂತ. ನಾವೂ ಹುಡುಕಿದ್ವಿ ಅನ್ನಿ.

ಅಷ್ಟರಲ್ಲಿ ಊರಿಂದ ನಾಗನ ಅಮ್ಮನ ಫೋನು, ಸ್ಪೀಕರಲ್ಲಿ. "ವೋಟು ಅಂದ್ಯಲ್ಲ ಮಗ, ಏನ್ ಕೊಡ್ತಾರೆ ಅಲ್ಲಿ? ಇಲ್ಲಿ ನಂಗೆ ಬಸ್ಸು ಫ್ರೀ, ತಿಂಗ್ಳಿಗೆ 2000 ಹಾಕ್ತೀವಿ ಅಂದವ್ರೆ."

"ಸ್ಟಿಕ್ಕರ್ ಕೊಡ್ತಾರಮ್ಮ. ವೋಟ್ ಹಾಕಿದೀನಿ ಅಂತ ಬರೆದಿರುತ್ತೆ, ಅಂಗಿಗೆ ಅಂಟಿಸ್ಕೊಳ್ಳೋದು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಊಟ ಆಯ್ತಾ?" ಅಂತ ಕೇಳಿ ಇಟ್ಬಿಟ್ರು.

ನಾಗ ಮುಖ ಸಣ್ಣದು ಮಾಡ್ಕೊಂಡು ನಮ್ಮ ಕಡೆ ತಿರುಗ್ದ. "ಸ್ಟಿಕ್ಕರ್ ಗ್ಯಾರಂಟಿ ತಾನೆ?"

"ಹೋದ್ಸಲ ನಾನು ಸಂಜೆ ಹೋದಾಗ ಖಾಲಿಯಾಗಿತ್ತಪ್ಪ" ಅಂದ ಪ್ರಸನ್ನ.

"ಬೂತ್ ಎಷ್ಟಕ್ಕೆ ತೆಗೀತಾರೆ?"

"ಆರಕ್ಕೆ."

"ಐದೂವರೆಗೇ ಹೋಗಿ ನಿಂತಿರ್ತೀನಿ."