ಬಲಗಳ ಚಿತ್ರದಲ್ಲಿ ಸಮನಾದ ಕೋನವನ್ನು ಗುರುತಿಸುವುದು ಹೇಗೆ?

ಪ್ರಶ್ನೆ (ಮಂಡ್ಯ, ಪ್ರಥಮ ಪಿಯುಸಿ ವಿದ್ಯಾರ್ಥಿನಿ)

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಳಿಜಾರಿನ ಮೇಲಿಟ್ಟ ವಸ್ತುವಿನ ಲೆಕ್ಕದಲ್ಲಿ, ಇಳಿಜಾರಿನ ಬುಡದಲ್ಲಿರುವ ಥೀಟಾ ಕೋನವನ್ನೇ ತೂಕದ ಗೆರೆಯ ಪಕ್ಕದಲ್ಲಿಯೂ ಬರೆಯುತ್ತಾರೆ. ಅದು ಅಲ್ಲಿಗೆ ಹೇಗೆ ಬಂತೆಂದು ನನಗೆ ತಿಳಿಯುತ್ತಿಲ್ಲ. ಎಲ್ಲಿ ಸೈನ್, ಎಲ್ಲಿ ಕಾಸ್ ಎಂದು ಬಾಯಿಪಾಠ ಮಾಡಿದ್ದೇನೆ, ಆದರೆ ಚಿತ್ರ ಸ್ವಲ್ಪ ತಿರುಗಿದರೂ ತಪ್ಪಿಹೋಗುತ್ತದೆ. ಇದನ್ನು ದಾಟಿ ಬಂದವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಬೇಕು.

ಮೈಸೂರಿನಿಂದ, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು

ಮಗಳೇ, ಇದಕ್ಕೆ ಬೇಕಾದುದನ್ನೆಲ್ಲ ನೀನು ಒಂಬತ್ತನೆಯ ತರಗತಿಯ ‘ರೇಖೆಗಳು ಮತ್ತು ಕೋನಗಳು’ ಪಾಠದಲ್ಲಿ ಆಗಲೇ ಓದಿದ್ದೀಯೆ. ತೂಕದ ಗೆರೆಯನ್ನು ನೇರ ಕೆಳಕ್ಕೆ ಎಳೆದು, ಅದು ತಳದ ಗೆರೆಯನ್ನು ಮುಟ್ಟುವವರೆಗೂ ಬೆಳೆಸು. ಅಲ್ಲೊಂದು ಲಂಬಕೋನ ತ್ರಿಭುಜ ಕಾಣಿಸುತ್ತದೆ. ಅದರ ಬುಡದಲ್ಲಿ ಥೀಟಾ, ತಳದಲ್ಲಿ 90 ಡಿಗ್ರಿ ಇರುವುದರಿಂದ, ತೂಕದ ಗೆರೆ ಇಳಿಜಾರಿನ ಮೈಯನ್ನು ದಾಟುವಲ್ಲಿ 90ರಿಂದ ಥೀಟಾ ಕಳೆದಷ್ಟು ಕೋನ ಉಳಿಯುತ್ತದೆ. ಅದೇ ಬಿಂದುವಿನಿಂದ ಇಳಿಜಾರಿನ ಮೈಗೆ ಲಂಬವನ್ನು ಕೆಳಮುಖವಾಗಿ ಎಳೆ. ಆ ಲಂಬಕ್ಕೂ ಮೈಗೂ ನಡುವಿನ 90 ಡಿಗ್ರಿಯನ್ನು ತೂಕದ ಗೆರೆಯು ಎರಡು ಪಾಲು ಮಾಡುತ್ತದೆ. ಮೈಯ ಕಡೆಯ ಪಾಲು ನಿನಗೆ ಗೊತ್ತಾಗಿದೆ, ಹಾಗಾಗಿ ಲಂಬದ ಕಡೆಗೆ ಉಳಿದದ್ದು ಥೀಟಾ.

ಚಿತ್ರವನ್ನು ಮಾತ್ರ ಎಂದಿಗೂ 45 ಡಿಗ್ರಿಯ ಹತ್ತಿರ ಬರೆಯಬೇಡ. ಅಲ್ಲಿ ಎರಡು ಪಾಲುಗಳೂ ಒಂದೇ ಆಗಿ ಕಾಣುವುದರಿಂದ ಕಣ್ಣು ಮೋಸಹೋಗುತ್ತದೆ. 20 ಡಿಗ್ರಿಯಷ್ಟು ಚಪ್ಪಟೆಯಾಗಿ ಬರೆದರೆ ಸಣ್ಣ ಕೋನ ಯಾವುದು, ದೊಡ್ಡದು ಯಾವುದು ಎಂಬುದು ನೋಡಿದೊಡನೆ ತಿಳಿಯುತ್ತದೆ. ಎಷ್ಟೋ ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ, ತಪ್ಪುಗಳಲ್ಲಿ ಬಹುಪಾಲು ಈ 45ರ ಚಿತ್ರಗಳಿಂದಲೇ ಹುಟ್ಟಿದವು ಎನಿಸಿದೆ.

ತರಗತಿಯಲ್ಲಿ ನಾನು ಒಂದು ರಟ್ಟನ್ನು ಬಳಸುತ್ತಿದ್ದೆ. ರಟ್ಟಿನ ಕೆಳಅಂಚಿಗೆ ಲಂಬವಾಗಿ ಒಂದು ಗೆರೆ ಎಳೆದು, ಗೆರೆಯ ಮೇಲ್ತುದಿಯಲ್ಲಿ ಗುಂಡುಸೂಜಿ ಚುಚ್ಚಿ, ಅದಕ್ಕೆ ದಾರ ಕಟ್ಟಿ, ದಾರದ ಕೊನೆಗೆ ಒಂದು ನಟ್ಟನ್ನು ತೂಗಬಿಡಬೇಕು. ಮೇಜಿನ ಮೇಲೆ ರಟ್ಟನ್ನು ನೆಟ್ಟಗೆ ನಿಲ್ಲಿಸಿದರೆ ದಾರವು ಗೆರೆಯ ಮೇಲೆಯೇ ಕೂರುತ್ತದೆ. ಈಗ 50 ಸೆಂ.ಮೀ. ಉದ್ದದ ಹಲಗೆಯ ಒಂದು ತುದಿಯನ್ನು 25 ಸೆಂ.ಮೀ. ಎತ್ತಿ, ಆ ಹಲಗೆಯ ಮೇಲೆ ರಟ್ಟಿನ ಅಂಚನ್ನು ಕೂರಿಸು. ಗೆರೆಯು ಹಲಗೆಯೊಡನೆ ಓರೆಯಾಗುತ್ತದೆ, ದಾರ ಮಾತ್ರ ಭೂಮಿಯ ಕಡೆಗೇ ಇಳಿಯುತ್ತದೆ. ಸೂಜಿಯಿಂದ 20 ಸೆಂ.ಮೀ. ಕೆಳಗೆ ದಾರದ ಮೇಲೊಂದು ಬಿಂದುವನ್ನು ಗುರುತಿಸಿ, ಅಲ್ಲಿಂದ ಗೆರೆಗೆ ಇರುವ ಲಂಬದೂರವನ್ನು ಅಳೆದರೆ 10 ಸೆಂ.ಮೀ. ಬರುತ್ತದೆ. ಹಲಗೆಯಲ್ಲಿ 50ಕ್ಕೆ 25, ದಾರದಲ್ಲಿ 20ಕ್ಕೆ 10; ಎರಡೂ ಕಡೆ ಅರ್ಧ, ಎಂದರೆ ಎರಡೂ ಕಡೆ 30 ಡಿಗ್ರಿ. ಹಲಗೆ ಎಷ್ಟು ವಾಲಿತೋ ಅದರ ಲಂಬವೂ ಅಷ್ಟೇ ವಾಲಿತು.

ಒಂದು ಕೋನದ ಬಾಹುಗಳು ಇನ್ನೊಂದರ ಬಾಹುಗಳಿಗೆ ಕ್ರಮವಾಗಿ ಲಂಬವಾಗಿದ್ದರೆ ಆ ಕೋನಗಳು ಒಂದೋ ಸಮ, ಇಲ್ಲವೇ ಅವುಗಳ ಮೊತ್ತ 180 ಡಿಗ್ರಿ. ಎರಡೂ ಲಘುಕೋನಗಳೆಂದು ಖಚಿತಪಡಿಸಿಕೊಂಡ ಮೇಲೆಯೇ ಸಮವೆಂದು ಬರೆ.

ಶ್ರೀರಂಗಪಟ್ಟಣದಿಂದ, ಇಂಜಿನಿಯರಿಂಗ್ ವಿದ್ಯಾರ್ಥಿ

ಗುರುಗಳು ಹೇಳಿದ ಮೇಲೆ ನನ್ನದೊಂದು ಸಣ್ಣ ಸೇರ್ಪಡೆ. ಪಿಯುಸಿಯ ಒಂದು ಕಿರುಪರೀಕ್ಷೆಯಲ್ಲಿ ನಾನು ಇಳಿಜಾರಿನ ಲಂಬ ಪ್ರತಿಕ್ರಿಯೆಗೆ (ಇಳಿಜಾರಿನ ಮೈಯು ತನಗೆ ಲಂಬವಾಗಿ ವಸ್ತುವನ್ನು ಒತ್ತುವ ಬಲಕ್ಕೆ) ‘ತೂಕ ಗುಣಿಸು ಸೈನ್ ಥೀಟಾ’ ಎಂದು ಬರೆದು ಪೂರ್ತಿ ಲೆಕ್ಕವನ್ನು ಕಳೆದುಕೊಂಡೆ. ಥೀಟಾವನ್ನು ಸೊನ್ನೆ ಮಾಡಿ ನೋಡಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು: ಸಮತಟ್ಟಾದ ನೆಲದ ಮೇಲಿರುವ ಪೆಟ್ಟಿಗೆಯನ್ನು ನೆಲವು ಸ್ವಲ್ಪವೂ ಒತ್ತುವುದಿಲ್ಲ ಎಂದಂತಾಗುತ್ತದೆ. ಅಂದಿನಿಂದ ಪ್ರತಿ ಉತ್ತರದಲ್ಲಿಯೂ ಸೊನ್ನೆ ಮತ್ತು 90ನ್ನು ಹಾಕಿ ನೋಡುತ್ತೇನೆ. ಲೋಲಕದಲ್ಲಿ ಇನ್ನೂ ಸುಲಭ, ತಂಗಿ. ಮೇಲೆ ತೂಗುಬಿಂದುವಿನಿಂದ ನೇರ ಕೆಳಕ್ಕೆ ಇಳಿಯುವ ರೇಖೆಯೂ ಕೆಳಗೆ ಗುಂಡಿನ ತೂಕದ ರೇಖೆಯೂ ಸಮಾಂತರ, ದಾರವು ಅವೆರಡನ್ನೂ ಕತ್ತರಿಸುವ ಗೆರೆ, ಎಂದರೆ ಛೇದಕ. ದಾರವನ್ನು ಗುಂಡಿನಾಚೆಗೆ ಚುಕ್ಕೆಗೆರೆಯಾಗಿ ಬೆಳೆಸಿದರೆ, ಮೇಲಿನ ಕೋನಕ್ಕೆ ಸಮನಾದ ಅನುರೂಪ ಕೋನ ತಾನಾಗಿ ದೊರೆಯುತ್ತದೆ.

ಮಂಡ್ಯದಿಂದ, ಮನೆಪಾಠ ಹೇಳುವ ಶಿಕ್ಷಕಿ

ನನ್ನ ಮಕ್ಕಳು ಎಡವುವುದು ಇದರ ಮುಂದಿನ ಮೆಟ್ಟಿಲಿನಲ್ಲಿ. ಲಾರಿಗೆ ಹಲಗೆ ಆನಿಸಿ, ಹಗ್ಗ ಕಟ್ಟಿ ಪೆಟ್ಟಿಗೆಯನ್ನು ಮೇಲಕ್ಕೆ ಎಳೆಯುತ್ತಾರೆಂದುಕೊಳ್ಳಿ. ಹಗ್ಗವು ಹಲಗೆಯಿಂದ ಮೇಲಕ್ಕೆ 15 ಡಿಗ್ರಿ, ಹಲಗೆಯು ನೆಲದಿಂದ 30 ಡಿಗ್ರಿ ಎಂದಾದರೆ, ಹಗ್ಗವು ನೆಲಮಟ್ಟದಿಂದ 45 ಡಿಗ್ರಿ ಇರುತ್ತದೆ. ಅಕ್ಷಗಳನ್ನು ಹಲಗೆಯ ಉದ್ದಕ್ಕೆ ಹಾಕಿಕೊಂಡವರು ಹಗ್ಗದ ಎಳೆತಕ್ಕೆ 15ನ್ನೇ ಬಳಸಬೇಕು, ತೂಕಕ್ಕೆ 30ನ್ನು. ‘ಥೀಟಾ’ ಎಂದು ಬರೆಯುವ ಮುನ್ನ ಅದು ಯಾವ ಗೆರೆಯಿಂದ ಯಾವ ಗೆರೆಗೆ ಎಂಬುದನ್ನು ಚಿತ್ರದಲ್ಲಿ ಕಮಾನು ಹಾಕಿ ತೋರಿಸುವಂತೆ ನಾನು ಒತ್ತಾಯಿಸುತ್ತೇನೆ.

ಪ್ರಶ್ನೆ ಕೇಳಿದವಳಿಂದ

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಮಾಡಿ ನೋಡಿದೆ, ಸರ್, ನನಗೆ 9.8 ಸೆಂ.ಮೀ. ಬಂತು. ಹಲಗೆಯನ್ನು 25ರ ಬದಲು 17 ಸೆಂ.ಮೀ. ಎತ್ತಿದಾಗ ಆ ದೂರ 7ಕ್ಕೆ ಸ್ವಲ್ಪ ಕಡಿಮೆಯಾಯಿತು. ಹಗ್ಗದ ಲೆಕ್ಕವನ್ನು ಇಂದು ರಾತ್ರಿ ಮಾಡುತ್ತೇನೆ, ಮೇಡಂ.