4294967297 ಅವಿಭಾಜ್ಯ ಅಂತ ತೋರಿಸುತ್ತಿದೆ, ಎಲ್ಲಿ ಎಡವಟ್ಟು?

ಲೆಕ್ಕದ_ಹುಚ್ಚು:
ಅವಿಭಾಜ್ಯ ಸಂಖ್ಯೆ ಗುರುತಿಸುವ ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ. ಫರ್ಮಾ ಪರೀಕ್ಷೆ ಅಷ್ಟೇ. ಕೊಟ್ಟ ಸಂಖ್ಯೆಯಲ್ಲಿ ಒಂದು ಕಳೆದು, 2ನ್ನು ಅಷ್ಟನೇ ಘಾತಕ್ಕೆ ಏರಿಸಿ, ಅದೇ ಸಂಖ್ಯೆಯಿಂದ ಭಾಗಿಸುತ್ತದೆ. ಶೇಷ 1 ಬಂದರೆ ಅವಿಭಾಜ್ಯ ಅನ್ನುತ್ತದೆ. 4294967297ಕ್ಕೂ ಹಾಗೇ ಅಂದಿತು. ಆದರೆ 641 ಇದನ್ನು ಸರಿಯಾಗಿ ಭಾಗಿಸುತ್ತದೆ ಅಲ್ವಾ?

ಬೈನರಿ_ಬೆಕ್ಕು:
32 ಬಿಟ್ ಪೂರ್ಣಾಂಕ ಬಳಸಿದ್ದೀರಾ? ಅದರಲ್ಲಿ ಈ ಸಂಖ್ಯೆ ಹಿಡಿಸುವುದಿಲ್ಲ, ಉಕ್ಕಿ ಹೋಗಿ ಬರೀ 1 ಉಳಿಯುತ್ತದೆ.

ಲೆಕ್ಕದ_ಹುಚ್ಚು:
ಇಲ್ಲ, ಪೈಥಾನ್. ಅಲ್ಲಿ ಪೂರ್ಣಾಂಕಕ್ಕೆ ಆ ಮಿತಿ ಇಲ್ಲ.

ಶೇಷಪ್ರಿಯ:
ಪ್ರೋಗ್ರಾಂ ಲೆಕ್ಕ ಸರಿಯಾಗಿಯೇ ಮಾಡುತ್ತಿದೆ, ಪರೀಕ್ಷೆಯೇ ಸಾಲದು. ಶೇಷ 1 ಬರದಿದ್ದರೆ ಸಂಯುಕ್ತ ಅಂತ ಖಂಡಿತ ಹೇಳಬಹುದು, ಬಂದರೆ ಏನೂ ಖಾತ್ರಿ ಇಲ್ಲ. 341 ಹಾಕಿ ನೋಡಿ. ಅದು 11 × 31, ಆದರೂ ಪಾಸಾಗುತ್ತದೆ.

ನಿಮ್ಮ ಸಂಖ್ಯೆಯಂತೂ ಇನ್ನೂ ಮಜಾ. ಅದು 2ರ 32ನೇ ಘಾತಕ್ಕೆ 1 ಕೂಡಿಸಿದ್ದು. ಹಾಗಾಗಿ 2ರ 32ನೇ ಘಾತದ ಶೇಷ −1 (ಪೂರ್ತಿ ಭಾಗವಾಗಲು ಒಂದು ಕಡಿಮೆ), ಅದನ್ನು ವರ್ಗ ಮಾಡಿದರೆ, ಅಂದರೆ 64ನೇ ಘಾತಕ್ಕೆ, ಶೇಷ 1. ನೀವು ಏರಿಸುತ್ತಿರುವ ಘಾತ 4294967296, ಅದು 64ರ ಗುಣಕ, ಆದ್ದರಿಂದ 1 ಬಂದೇ ಬರಬೇಕು. ಆರೋಪಿಯ ನೆಂಟನನ್ನೇ ಸಾಕ್ಷಿ ಕರೆದ ಹಾಗಾಯಿತು. 2ರ ಬದಲು 3 ಹಾಕಿ, ಶೇಷ 3029026160 ಬರುತ್ತದೆ, ಅಲ್ಲಿಗೆ ಸಂಯುಕ್ತ ಅಂತ ಸಾಬೀತು.

ಲೆಕ್ಕದ_ಹುಚ್ಚು:
ಹಾಕಿದೆ, ಅದೇ ಬಂತು! ಹಾಗಾದರೆ ಫರ್ಮಾ ಪರೀಕ್ಷೆಗಿಂತ ಬಿಗಿಯಾದ ಮಿಲರ್–ರೇಬಿನ್‌ಗೆ ಹೋದರೆ 2 ಒಂದೇ ಸಾಕಾ?

ಶೇಷಪ್ರಿಯ:
ಸಾಲದು. ಈ ಸಂಖ್ಯೆ 2ನ್ನು ಆಧಾರವಾಗಿಟ್ಟ ಮಿಲರ್–ರೇಬಿನ್ ಪರೀಕ್ಷೆಯನ್ನೂ ದಾಟಿಬಿಡುತ್ತದೆ, ಕಾರಣ ಅದೇ −1. 2, 3, 5, 7 ನಾಲ್ಕನ್ನೂ ಹಾಕಿದರೆ 3215031751ಕ್ಕಿಂತ ಚಿಕ್ಕ ಸಂಖ್ಯೆಗಳಿಗೆ ತಪ್ಪೇ ಆಗುವುದಿಲ್ಲ, ಆದರೆ ನಿಮ್ಮದು ಅದಕ್ಕಿಂತ ದೊಡ್ಡದು. 11 ಸೇರಿಸಿ, 2152302898747 ಮುಟ್ಟುವವರೆಗೆ ಚಿಂತೆ ಇಲ್ಲ.

ಬೈನರಿ_ಬೆಕ್ಕು:
2ರ 1, 2, 4, 8, 16, 32 ಹೀಗೆ ದುಪ್ಪಟ್ಟಾಗುವ ಘಾತಗಳಿಗೆ 1 ಕೂಡಿಸಿದ ಇಂಥ ಸಂಖ್ಯೆಗಳೆಲ್ಲ ಅವಿಭಾಜ್ಯ ಅಂತ ಗಣಿತಜ್ಞ ಫರ್ಮಾನೇ ನಂಬಿದ್ದ. 3, 5, 17, 257, 65537 ಎಲ್ಲ ಅವಿಭಾಜ್ಯವೇ, ಯಾರಾದರೂ ನಂಬುತ್ತಾರೆ ಬಿಡಿ. ಮುಂದಿನದೇ ಇದು. 1732ರಲ್ಲಿ ಗಣಿತಜ್ಞ ಆಯ್ಲರ್ ಒಡೆದ.

ಲೆಕ್ಕದ_ಹುಚ್ಚು:
ಕಂಪ್ಯೂಟರ್ ಇಲ್ಲದೆ 641 ಹೇಗೆ ಸಿಕ್ಕಿತೋ?

ಶೇಷಪ್ರಿಯ:
ಸುಮ್ನೆ ಎಲ್ಲದರಿಂದ ಭಾಗಿಸುತ್ತಾ ಕೂರಬೇಕಿಲ್ಲ. ಇದನ್ನು ಭಾಗಿಸುವ ಯಾವ ಅವಿಭಾಜ್ಯ ಸಂಖ್ಯೆಯಾದರೂ 64ರ ಗುಣಕಕ್ಕಿಂತ ಒಂದು ಜಾಸ್ತಿ ಇರಲೇಬೇಕು. 65, 129, 193, 257 ಹೀಗೆ ಹೋದರೆ ಹತ್ತನೆಯದೇ 641. ನಡುವಿನ ಸಂಯುಕ್ತಗಳನ್ನು ಬಿಟ್ಟರೆ 193, 257, 449, 577 ಆದ ಮೇಲೆ ಐದನೆಯ ಭಾಗಾಕಾರಕ್ಕೆ ಸಿಕ್ಕಿಬಿಡುತ್ತದೆ. ಉಳಿಯುವ 6700417 ಕೂಡ ಅವಿಭಾಜ್ಯ, ಅಲ್ಲಿಗೆ ಒಡೆಯುವುದು ಮುಗಿಯಿತು. ಅದನ್ನೂ ನಿಮ್ಮ ಹೊಸ ಪ್ರೋಗ್ರಾಂಗೆ ಹಾಕಿ ನೋಡಿ, ಐದೂ ಆಧಾರಗಳಲ್ಲಿ ಪಾಸಾಗಬೇಕು.