ಬಹುಮಾನ ಕೊಡುವ ಮುಂಚೆ ಹೆಡ್‌ಫೋನ್ ಮೇಲೆ ಟೇಪು ಹಚ್ಚಿಸಿದರು. ಇಂಥ ನಿಯಮ ಎಲ್ಲಾದರೂ ಇದೆಯೇ?

ಕೇಳಿದವರು: ಚೌಕದ ಅಂಗಡಿಕಾರ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಗಾಂಧಿಚೌಕದಿಂದ ಒಳಗೆ ಹೊರಳಿದರೆ ಸಿಗುವ ಓಣಿಯಲ್ಲಿ ನನ್ನದೊಂದು ಮೊಬೈಲ್ ಸಾಮಾನಿನ ಅಂಗಡಿ ಇದೆ. ಕವರ್, ಚಾರ್ಜರ್, ಪರದೆಗೆ ಹಚ್ಚುವ ಗಾಜು, ಹೆಡ್‌ಫೋನ್. ಆರು ಅಡಿ ಅಗಲ. ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಕಾಯಬೇಕು.

ನನ್ನ ಅಕ್ಕನ ಮಗ ಸೈಕಲ್ ಸ್ಪರ್ಧೆಗಳಿಗೆ ಹೋಗುತ್ತಾನೆ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಸೈಕಲ್ ಹುಚ್ಚು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಸುಕಿನಲ್ಲಿ ಸೊಲ್ಲಾಪುರ ರಸ್ತೆಗೆ ಹೋಗಿ ನಿಂತರೆ ಲಾರಿಗಳಿಗಿಂತ ಮೊದಲು ಈ ಹುಡುಗರೇ ಕಾಣುತ್ತಾರೆ. ಕಳೆದ ದೀಪಾವಳಿಗೆ ಅವನಿಗೆ ಅಂಗಡಿಯಿಂದ ಒಂದು ಹೆಡ್‌ಫೋನ್ ಕೊಟ್ಟಿದ್ದೆ. ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು, ಹೊರಬದಿಯಲ್ಲಿ ಕಂಪನಿಯ ಗುರುತು ರೂಪಾಯಿ ನಾಣ್ಯದಷ್ಟು ದೊಡ್ಡದಾಗಿದೆ. ಓಟಕ್ಕೆ ಮುಂಚೆ ರೋಲರ್ ಮೇಲೆ ಸೈಕಲ್ ಇಟ್ಟು ಅರ್ಧ ಗಂಟೆ ತುಳಿಯುವಾಗ ಅದನ್ನು ಹಾಕಿಕೊಳ್ಳುತ್ತಾನೆ. ಅಷ್ಟೇ. ಓಡಿಸುವಾಗ ಹಾಕಿಕೊಂಡರೆ ನಾನೇ ಕಿವಿ ಹಿಂಡುತ್ತೇನೆ.

ಹೋದ ವಾರ ಒಂದು ಊರಿನ ಜಾತ್ರೆಯಲ್ಲಿ ಸೈಕಲ್ ಸ್ಪರ್ಧೆ ಇತ್ತು. ಊರಿನ ಹೆಸರು ಬೇಡ, ನಾಳೆ ಅಲ್ಲಿಂದಲೂ ಗಿರಾಕಿಗಳು ಬರಬೇಕು. ಹುಡುಗ ಎರಡನೆಯವನಾಗಿ ಬಂದ. ಬಹುಮಾನಕ್ಕೆ ಕರೆದಾಗ ಹೆಡ್‌ಫೋನ್ ಕೊರಳಲ್ಲೇ ಇತ್ತು, ಬೆವರು ಒರೆಸಿಕೊಳ್ಳುತ್ತಾ ಹಾಗೆಯೇ ವೇದಿಕೆ ಹತ್ತಿದ್ದಾನೆ. ಕಮಿಟಿಯವರೊಬ್ಬರು ಓಡಿ ಬಂದು, ‘ತೆಗೆ, ಇಲ್ಲವಾದರೆ ಹೆಸರು ಮುಚ್ಚು’ ಎಂದರಂತೆ. ಬಹುಮಾನದ ಹಣ ಕೊಟ್ಟವರು ಬೇರೊಂದು ಕಂಪನಿಯ ಹೆಡ್‌ಫೋನ್ ಮಾರುವ ದೊಡ್ಡ ಅಂಗಡಿಯವರು. ಹಿಂದಿನ ಬ್ಯಾನರಿನ ತುಂಬಾ ಅವರದೇ ಹೆಸರು. ಕೊನೆಗೆ ಆಂಬುಲೆನ್ಸಿನವರ ಬಳಿ ಇದ್ದ ಬಿಳಿ ಪಟ್ಟಿ ಹರಿದು ತಂದು ಎರಡೂ ಬದಿಗೆ ಅಂಟಿಸಿದರು. ಫೋಟೊದಲ್ಲಿ ಹುಡುಗನ ಕಿವಿಗೇ ಪೆಟ್ಟು ಬಿದ್ದ ಹಾಗೆ ಕಾಣುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡುತ್ತಿದ್ದೆ. ಏಳು ಸಾವಿರ ರೂಪಾಯಿಯ ಬಹುಮಾನದಲ್ಲಿ ಎರಡು ಸಾವಿರ ‘ದಂಡ’ ಎಂದು ಮುರಿದುಕೊಂಡು ಐದು ಸಾವಿರ ಕೈಗಿಟ್ಟರು. ಪ್ರವೇಶ ಪತ್ರವನ್ನು ನಾನು ಎರಡು ಸಲ ಓದಿದೆ. ಹೆಲ್ಮೆಟ್ ಕಡ್ಡಾಯ, ಆಧಾರ್ ಪ್ರತಿ, ತೀರ್ಪುಗಾರರ ತೀರ್ಮಾನವೇ ಅಂತಿಮ. ಹೆಡ್‌ಫೋನ್ ಎಂಬ ಪದವೇ ಇಲ್ಲ.

ದೊಡ್ಡ ಆಟಗಳಲ್ಲಿ ಇಂಥದ್ದು ನಿಜವಾಗಿಯೂ ನಡೆಯುತ್ತದೆಯೇ? ಅಥವಾ ಇದು ನಮ್ಮ ಕಡೆಯ ದೊಡ್ಡವರ ದೊಡ್ಡಸ್ತಿಕೆ ಮಾತ್ರವೇ?

ಗೋಲಗುಮ್ಮಟದ ಪಾರಿವಾಳ (ವಿಜಯಪುರ)

ಸಾಹುಕಾರರೇ, ಪಟ್ಟಿ ಅಂಟಿಸಿದ ಮೇಲೆ ಎಲ್ಲರೂ ‘ಅದರ ಕೆಳಗೆ ಯಾವ ಕಂಪನಿ’ ಎಂದೇ ಕೇಳಿರುತ್ತಾರೆ. ಆ ಎರಡು ಸಾವಿರವನ್ನು ಜಾಹೀರಾತಿನ ಖರ್ಚು ಎಂದು ಲೆಕ್ಕಕ್ಕೆ ಬರೆದುಕೊಳ್ಳಿ.

ಮಹೇಂದ್ರ ಸಿಂಗ್ ಧೋನಿ ನೆನಪಿದೆಯಲ್ಲ? 2024ರ ಐಪಿಎಲ್‌ಗೆ ಮುಂಚೆ ಅಭ್ಯಾಸ ಮಾಡುವಾಗ, ರಾಂಚಿಯಲ್ಲಿರುವ ಬಾಲ್ಯದ ಗೆಳೆಯನ ಅಂಗಡಿಯ ಸ್ಟಿಕ್ಕರ್ ಬ್ಯಾಟಿಗೆ ಹಚ್ಚಿಕೊಂಡು ಬಂದಿದ್ದರು. ಸಣ್ಣ ಕ್ರೀಡಾ ಸಾಮಾನಿನ ಅಂಗಡಿ. ಒಂದೇ ದಿನದಲ್ಲಿ ದೇಶಕ್ಕೆಲ್ಲ ಅದರ ಹೆಸರು ಗೊತ್ತಾಯಿತು. ನಿಮ್ಮ ಅಳಿಯ ಮೊದಲನೆಯವನಾಗಿ ಬರುವ ತನಕ ಕಾಯಿರಿ.

ಹಳೆಯ ಕ್ರೀಡಾಪುಟ (ಬೆಳಗಾವಿ)

ತಮಾಷೆ ಇರಲಿ, ಇವರ ಪ್ರಶ್ನೆಗೆ ಸರಿಯಾದ ಉತ್ತರ ಇದೆ. ನಾನು ಪತ್ರಿಕೆಯ ಕ್ರೀಡಾಪುಟದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು. ಕುಸ್ತಿ ಅಖಾಡದಿಂದ ಹಿಡಿದು ರಣಜಿ ಪಂದ್ಯದವರೆಗೆ ವರದಿ ಮಾಡಿದ್ದೇನೆ. ಆಡುವಾಗ ಯಾರೂ ಬಳಸದ ಸಾಮಾನಿಗೆ ಆಟದವರು ಇಷ್ಟು ಜಗಳವಾಡಿದ್ದು ಹೆಡ್‌ಫೋನ್ ವಿಷಯದಲ್ಲಿ ಮಾತ್ರ.

ಅಂಗಡಿಕಾರರೇ, ನಿಮ್ಮ ಹುಡುಗನ ಕಥೆ 2014ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ನಡೆದು ಹೋಗಿದೆ, ಟೇಪಿನ ಸಮೇತ. ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಆ ವರ್ಷ ಬೋಸ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಪಂದ್ಯ ಆರಂಭವಾಗುವ 90 ನಿಮಿಷ ಮೊದಲಿನಿಂದ ಮುಗಿದ 90 ನಿಮಿಷದವರೆಗೆ ಟಿ.ವಿ. ಕ್ಯಾಮೆರಾದ ಮುಂದೆ ಆಟಗಾರನ ಮೈಮೇಲೆ ಬೇರೆ ಕಂಪನಿಯ ಹೆಡ್‌ಫೋನ್ ಕಾಣಿಸಬಾರದು. ಸ್ಯಾನ್ ಫ್ರಾನ್ಸಿಸ್ಕೊ ತಂಡದ ಕಾಲಿನ್ ಕೆಪರ್ನಿಕ್‌ಗೆ ಬೀಟ್ಸ್ ಕಂಪನಿಯೊಂದಿಗೆ ಸ್ವಂತ ಒಪ್ಪಂದ ಇತ್ತು. ಪಂದ್ಯ ಗೆದ್ದು ಪತ್ರಕರ್ತರ ಮುಂದೆ ಬಂದಾಗ ಕೊರಳಲ್ಲಿ ಗುಲಾಬಿ ಬಣ್ಣದ ಬೀಟ್ಸ್. ದಂಡ 10,000 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು ಆರು ಲಕ್ಷ ರೂಪಾಯಿ. ಮುಂದಿನ ಸಲ ಅದೇ ಹೆಡ್‌ಫೋನ್ ಹಾಕಿಕೊಂಡೇ ಬಂದರು, ಗುರುತಿನ ಮೇಲೆ ಟೇಪು ಅಂಟಿಸಿ. ಗುಲಾಬಿ ಬಣ್ಣ ನೋಡಿದವರಿಗೆ ಕಂಪನಿ ಯಾವುದೆಂದು ಹೇಳಬೇಕಾಗಿರಲಿಲ್ಲ. ಪಾರಿವಾಳದವರು ಹೇಳಿದ್ದು ತಮಾಷೆಯಾದರೂ ನಿಜವೇ.

ಹೆಡ್‌ಫೋನಿಗೇ ಯಾಕೆ ಈ ಜಗಳ? ಅಂಗಿ ತಂಡದ್ದು, ಅದರ ಮೇಲಿನ ಪ್ರತಿ ಅಂಗುಲ ಮಾರಾಟವಾಗಿರುತ್ತದೆ. ಬೂಟು, ಬ್ಯಾಟು ಆಟಗಾರನದಾದರೂ ಗುರುತಿನ ಅಳತೆಗೆ ನಿಯಮವಿದೆ. ಆದರೆ ಬಸ್ಸಿನಿಂದ ಇಳಿದು ಡ್ರೆಸಿಂಗ್ ರೂಮಿನವರೆಗೆ ನಡೆದು ಹೋಗುವ ಆ ನೂರು ಹೆಜ್ಜೆ ಬಹಳ ಕಾಲ ಯಾರ ಹೆಸರಿಗೂ ಬರೆದಿರಲಿಲ್ಲ. ಬೀಟ್ಸ್‌ನವರು ಅಲ್ಲಿ ಕೈ ಹಾಕಿದರು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಹೊರಟ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡದವರಿಗೆಲ್ಲ ಲೆಬ್ರಾನ್ ಜೇಮ್ಸ್ ಕೈಯಿಂದ ಹೆಡ್‌ಫೋನ್ ಹಂಚಿಸಿದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಬಾವುಟದ ಬಣ್ಣದವನ್ನು ಮಾಡಿಸಿ ಅಲ್ಲಿನ ಆಟಗಾರರಿಗೆ ಮುಟ್ಟಿಸಿದರು. ಒಲಿಂಪಿಕ್ಸ್‌ಗೆ ಹಣ ಕಟ್ಟಿದ್ದವರು ಪ್ಯಾನಸೋನಿಕ್, ಟಿ.ವಿ.ಯಲ್ಲಿ ಕಂಡದ್ದು ಬೀಟ್ಸ್. 2014ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಫಿಫಾದ ಪ್ರಾಯೋಜಕರು ಸೋನಿ. ಹಾಗಾಗಿ ಕ್ರೀಡಾಂಗಣದೊಳಗೆ ಬೀಟ್ಸ್‌ಗೆ ಬಾಗಿಲು ಮುಚ್ಚಿತ್ತು. ಆದರೆ ನೇಮಾರ್, ಸ್ವಾರೆಸ್ ಇಬ್ಬರೂ ಬೀಟ್ಸ್ ಜಾಹೀರಾತಿನಲ್ಲಿದ್ದರು.

ಅಂಗಡಿಯವರಾದ ನಿಮಗೆ ರುಚಿಸುವ ಇನ್ನೊಂದು ಸಂಗತಿ. ಅದೇ 2014ರಲ್ಲಿ ಆ್ಯಪಲ್ ಕಂಪನಿ ಬೀಟ್ಸ್ ಅನ್ನು 300 ಕೋಟಿ ಡಾಲರಿಗೆ ಕೊಂಡಿತು. ಹೊರಗಿನ ಸದ್ದು ಅಡಗಿಸುವ ತಂತ್ರದ ಪೇಟೆಂಟ್ ಕದ್ದರೆಂದು ಬೋಸ್‌ನವರು ಬೀಟ್ಸ್ ಮೇಲೆ ಮೊಕದ್ದಮೆ ಹೂಡಿದರು. ಅಕ್ಟೋಬರ್‌ನಲ್ಲಿ ರಾಜಿಯಾಯಿತು. ರಾಜಿಯಾದ ಮೇಲೂ ಆ್ಯಪಲ್ ತನ್ನ ಅಂಗಡಿಗಳ ಕಪಾಟಿನಿಂದ ಬೋಸ್ ಮಾಲನ್ನು ತೆಗೆದುಹಾಕಿತು. ಎದುರು ಸಾಲಿನವನ ಮೇಲಿನ ಸಿಟ್ಟನ್ನು ಕಪಾಟಿನ ಮೇಲೆ ತೀರಿಸಿಕೊಳ್ಳುವುದು ನಿಮ್ಮ ಓಣಿಯಲ್ಲಿ ಮಾತ್ರ ಅಲ್ಲ.

ಈಗ ನಿಮ್ಮ ಎರಡು ಸಾವಿರದ ಮಾತು. ಎನ್‌ಎಫ್‌ಎಲ್‌ನವರು ಮೊದಲೇ ನಿಯಮ ಮಾಡಿ, ಆಟಗಾರರಿಗೆ ತಿಳಿಸಿ, ಆಮೇಲೆ ದಂಡ ಹಾಕಿದರು. ನಿಮ್ಮ ಕಮಿಟಿಯವರು ಮೊದಲು ದಂಡ ಹಾಕಿ ಆಮೇಲೆ ನಿಯಮ ಹುಡುಕುತ್ತಿದ್ದಾರೆ. ‘ತೆಗೆ’ ಎಂದು ಹೇಳುವ ಹಕ್ಕು ವೇದಿಕೆ ಹಾಕಿದವರಿಗೆ ಇರಬಹುದು. ಹುಡುಗ ಮುಚ್ಚಿಕೊಂಡ ಮೇಲೂ ಹಣ ಮುರಿದದ್ದಕ್ಕೆ ನನಗಂತೂ ಆಧಾರ ಕಾಣುತ್ತಿಲ್ಲ.

ಚೌಕದ ಅಂಗಡಿಕಾರ

ಹಳೆಯ ಕ್ರೀಡಾಪುಟದ ಸರ್, ನೀವು ಬರೆದದ್ದನ್ನು ಹುಡುಗನಿಗೆ ಓದಿ ಹೇಳಿದೆ. ಆರು ಲಕ್ಷ ಎಂದ ಕೂಡಲೇ ಅವನ ಮುಖ ಅರಳಿತು. ‘ಮಾಮಾ, ನಮ್ಮದು ಬರೇ ಎರಡು ಸಾವಿರ’ ಎನ್ನುತ್ತಾನೆ.

ಕ್ರಿಕೆಟ್‌ನಲ್ಲಿ ಇಂಥದ್ದು ನಡೆದಿದೆಯೇ? 1996ರ ವಿಶ್ವಕಪ್ ವೇಳೆ ಕೋಕಾಕೋಲ ಅಧಿಕೃತ, ಪೆಪ್ಸಿಯವರು ಅಧಿಕೃತವಲ್ಲ ಎಂಬುದನ್ನೇ ಜಾಹೀರಾತು ಮಾಡಿಕೊಂಡು ಮೆರೆದದ್ದು ನನಗೆ ನೆನಪಿದೆ. ಆಗ ನಾನು ಶಾಲೆಯಲ್ಲಿದ್ದೆ. ಎರಡರಲ್ಲಿ ಯಾವುದು ಪ್ರಾಯೋಜಕ ಎಂದು ಕೇಳಿದ್ದರೆ ಪೆಪ್ಸಿ ಎಂದೇ ಹೇಳುತ್ತಿದ್ದೆ.

ಹಳೆಯ ಕ್ರೀಡಾಪುಟ (ಬೆಳಗಾವಿ)

ಅದೇ ಅದೇ. ಅದೇ ವಿಶ್ವಕಪ್‌ನಲ್ಲಿ ಸಚಿನ್ ಬ್ಯಾಟಿನ ಮೇಲೆ ಸ್ಟಿಕ್ಕರೇ ಇರಲಿಲ್ಲ. ಎಂಆರ್‌ಎಫ್ ಬಂದದ್ದು ಆಮೇಲೆ. ಜಗಳ ದೊಡ್ಡದಾದದ್ದು 2002ರಲ್ಲಿ. ಶ್ರೀಲಂಕಾದ ಚಾಂಪಿಯನ್ಸ್ ಟ್ರೋಫಿಗೆ ಮುಂಚೆ, ಐಸಿಸಿ ಪ್ರಾಯೋಜಕರಿಗೆ ಎದುರಾಳಿಯಾದ ಕಂಪನಿಗಳ ಜಾಹೀರಾತಿನಲ್ಲಿ ಆಟಗಾರರು ಕಾಣಿಸಿಕೊಳ್ಳಬಾರದೆಂದು ಕರಾರು ಬಂತು. ನಮ್ಮ ಹಿರಿಯ ಆಟಗಾರರು ಸಹಿ ಹಾಕಲು ಒಪ್ಪಲಿಲ್ಲ. ಅವರ ಸ್ವಂತ ಒಪ್ಪಂದಗಳು ಮೊದಲೇ ಆಗಿದ್ದವು. ಆ ಗುದ್ದಾಟ 2003ರ ವಿಶ್ವಕಪ್‌ವರೆಗೂ ಎಳೆಯಿತು.

ಒಲಿಂಪಿಕ್ಸ್‌ನಲ್ಲಿ 40ನೆಯ ನಿಯಮ ಎಂದೇ ಇದೆ. ಕ್ರೀಡಾಕೂಟದ ದಿನಗಳಲ್ಲಿ ಆಟಗಾರರು ಸ್ವಂತ ಪ್ರಾಯೋಜಕರ ಜಾಹೀರಾತಿಗೆ ಮುಖ ಕೊಡುವುದಕ್ಕೆ ಕಡಿವಾಣ. 2019ರಲ್ಲಿ ಜರ್ಮನಿಯ ಸ್ಪರ್ಧಾ ಪ್ರಾಧಿಕಾರ ಇದು ಅತಿಯಾಯಿತು ಎಂದು ಹೇಳಿದ ಮೇಲೆ ನಿಯಮ ಸ್ವಲ್ಪ ಸಡಿಲವಾಯಿತು.

ಕೃಷ್ಣೆಯ ದಂಡೆ (ಜಮಖಂಡಿ, ಬಾಗಲಕೋಟೆ ಜಿಲ್ಲೆ)

ನಾನು ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಸ್ಪರ್ಧೆ ನಡೆಸಿದ ಕಡೆಯಿಂದಲೂ ಒಂದು ಮಾತು ಕೇಳಿ. ನಾವು ಖೊಖೊ ಪಂದ್ಯ ಇಟ್ಟಾಗ ಪೆಂಡಾಲಿಗೆ, ಊಟಕ್ಕೆ, ತೀರ್ಪುಗಾರರ ಭತ್ಯೆಗೆ ಹಣ ಹೊಂದಿಸಲು ಹತ್ತು ಅಂಗಡಿ ತಿರುಗುತ್ತೇವೆ. ಕೊಟ್ಟವರು ಕೇಳುವುದು ಒಂದೇ: ‘ಫೋಟೊದಲ್ಲಿ ನಮ್ಮ ಹೆಸರು ಬರಬೇಕು, ಅವರದು ಬರಬಾರದು.’ ಆ ‘ಅವರು’ ಯಾರೆಂದು ಊರಿಗೆಲ್ಲ ಗೊತ್ತು. ಆಗ ನಾನು ಹುಡುಗಿಯರಿಗೆ ಟೋಪಿ ತೆಗೆಯಲು ಹೇಳಿದ್ದುಂಟು. ದಂಡ ಮಾತ್ರ ಹಾಕಿಲ್ಲ. ಆ ಎರಡು ಸಾವಿರ ಕೇಳಿ ಪಡೆಯಿರಿ. ಜಗಳವಾಡದೆ, ಪ್ರವೇಶ ಪತ್ರದ ಪ್ರತಿ ಹಿಡಿದು ಹೋಗಿ.

ಇನ್ನೊಂದು ವಿಷಯ, ಅಣ್ಣಾ. ಹುಡುಗ ಆ ಹೆಡ್‌ಫೋನ್ ಹಾಕಿಕೊಂಡು ಇನ್‌ಸ್ಟಾಗ್ರಾಮ್‌ನಲ್ಲಿ ನಿಮ್ಮ ಅಂಗಡಿಯ ಹೆಸರು ಹಾಕುತ್ತಾನೆಯೇ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ತಂದಿದೆ. ಜಾಹೀರಾತು ಮಾಡುವವನಿಗೂ ಮಾರುವವನಿಗೂ ಸಂಬಂಧವಿದ್ದರೆ ಅದನ್ನು ಕಾಣುವಂತೆ ಬರೆಯಬೇಕು. ಹಣವೇ ಆಗಬೇಕಿಲ್ಲ, ಪುಕ್ಕಟೆ ಕೊಟ್ಟ ಸಾಮಾನು, ಮನೆಯ ನಂಟು, ಎರಡೂ ಲೆಕ್ಕಕ್ಕೆ ಬರುತ್ತವೆ. ನಿಮ್ಮಲ್ಲಿ ಎರಡೂ ಇವೆ. ದಾರಿ ತಪ್ಪಿಸುವ ಜಾಹೀರಾತು ಎಂದಾದರೆ ದಂಡ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಅದು ನಮ್ಮಂಥವರ ತನಕ ಬರುವ ಸಂಭವ ಕಡಿಮೆ. ಆದರೂ ‘ಮಾವ ಕೊಟ್ಟದ್ದು’ ಎಂದು ಎರಡು ಪದ ಸೇರಿಸಿದರೆ ನಷ್ಟವೇನಿಲ್ಲ.

ಕೇಳಲೋ ಬೇಡವೋ ಎನ್ನುತ್ತಾ ಕೇಳುತ್ತಿದ್ದೇನೆ: ನೀವು ಯಾವತ್ತೂ ಯಾವುದಾದರೂ ಪಂದ್ಯಕ್ಕೆ ಹಣ ಕೊಟ್ಟು ಇಂಥ ಶರತ್ತು ಹಾಕಿಲ್ಲವೇ?

ಚೌಕದ ಅಂಗಡಿಕಾರ

ಅಕ್ಕಾ, ನಿಮ್ಮ ಕೊನೆಯ ಪ್ರಶ್ನೆ ಓದಿ ಒಂದು ದಿನ ಸುಮ್ಮನಿದ್ದೆ.

ಹಾಕಿದ್ದೇನೆ. ನಾಲ್ಕು ವರ್ಷದ ಹಿಂದೆ ಒಂದು ಕಬಡ್ಡಿ ಪಂದ್ಯಕ್ಕೆ ಮೂರು ಸಾವಿರ ಕೊಟ್ಟು, ‘ಉತ್ತಮ ದಾಳಿಗಾರ’ ಬಹುಮಾನಕ್ಕೆ ಒಂದು ಬ್ಲೂಟೂತ್ ಸ್ಪೀಕರ್ ಕೊಟ್ಟಿದ್ದೆ. ಗೆದ್ದ ಹುಡುಗ ನನ್ನ ಎದುರು ಸಾಲಿನ ಅಂಗಡಿಯವರು ಹಂಚಿದ್ದ ಟೀ ಶರ್ಟ್ ಹಾಕಿಕೊಂಡು ಬಂದ. ಬದಲಿಸಿಕೊಂಡು ಬಂದರೆ ಮಾತ್ರ ಕೊಡುತ್ತೇನೆ ಎಂದು ಮೈಕಿನ ಹತ್ತಿರವೇ ನಿಂತು ಹೇಳಿದ್ದೆ. ಅವನ ಬಳಿ ಬೇರೆ ಅಂಗಿ ಇರಲಿಲ್ಲ. ಗೆಳೆಯನೊಬ್ಬನ ಅಂಗಿ ಇಸಿದುಕೊಂಡು ಬಂದ. ಗುಂಡಿ ಹಾಕಲು ಬಾರದಷ್ಟು ಬಿಗಿ. ಆ ಫೋಟೊ ಇನ್ನೂ ಅಂಗಡಿಯಲ್ಲಿದೆ, ಗಲ್ಲೆಯ ಹಿಂದಿನ ಗೋಡೆಯ ಮೇಲೆ. ನಿನ್ನೆಯವರೆಗೂ ಅದರಲ್ಲಿ ನನಗೆ ಕಂಡದ್ದು ನನ್ನ ಅಂಗಡಿಯ ಬ್ಯಾನರ್.

ಇವತ್ತು ಪ್ರವೇಶ ಪತ್ರ ಹಿಡಿದುಕೊಂಡು ಆ ಊರಿಗೆ ಹೋಗಿಬಂದೆ. ಕಮಿಟಿಯವರು ಒಂದು ಸಾವಿರ ಹಿಂದಿರುಗಿಸಿದರು, ಉಳಿದದ್ದು ಪೆಂಡಾಲಿನವನಿಗೆ ಹೋಗಿದೆಯಂತೆ. ಚಹಾ ಕುಡಿಸಿದರು. ಮುಂದಿನ ವರ್ಷ ಸೈಕಲ್ ಸ್ಪರ್ಧೆಗೆ ನೀವೂ ಏನಾದರೂ ಕೊಡಿ ಎಂದರು. ನೋಡೋಣ ಎಂದು ಬಂದೆ.

ಬಾಕಿ ಒಂದು ಸಾವಿರವನ್ನು ಹುಡುಗನಿಗೆ ನಾನೇ ಕೊಟ್ಟಿದ್ದೇನೆ. ಈಗ ತೊಂದರೆ ಬೇರೆ: ಪಟ್ಟಿ ಕಿತ್ತರೂ ಅದರ ಅಂಟು ಹೋಗಿಲ್ಲ, ಧೂಳು ಹಿಡಿದು ಕಪ್ಪು ಮಚ್ಚೆಯಾಗಿದೆ. ಸೀಮೆಎಣ್ಣೆ ಹಚ್ಚಿದರೆ ಪ್ಲಾಸ್ಟಿಕ್ ಮಂಕಾಗುತ್ತದೆಯೇ?

ಗೋಲಗುಮ್ಮಟದ ಪಾರಿವಾಳ (ವಿಜಯಪುರ)

ಸೀಮೆಎಣ್ಣೆ ಬೇಡ. ಕೊಬ್ಬರಿ ಎಣ್ಣೆ ಹಚ್ಚಿ ಕಾಲು ಗಂಟೆ ಬಿಡಿ, ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ. ಅಂಗಡಿ ನಿಮ್ಮದು, ಹೇಳಿಕೊಡಬೇಕಾದವರು ನಾವು!